ಎರಡು ದಿನ ರಜೆ ಇದೆ, ಎಲ್ಲಿಗೆ ಹೋಗೋಣ?

ವರ್ಷಕ್ಕೆ ಹತ್ತು ಜನವಾದರೂ ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ಬೆಂಗಳೂರು ಮೈಸೂರು ಬೇಡ, ಕೊಡಗು ಚಿಕ್ಕಮಗಳೂರಿನ ಕಾರುಗಳ ಸಾಲು ನೋಡಿ ಸಾಕಾಗಿದೆ, ಮಕ್ಕಳಿಗೂ ಸ್ವಲ್ಪ ಓಡಾಡುವ ಹಾಗಿರಬೇಕು, ಎಲ್ಲಿಗೆ ಹೋಗೋಣ ಹೇಳು. ನನ್ನ ಉತ್ತರ ಯಾವಾಗಲೂ ಒಂದೇ. ಬಾದಾಮಿಗೆ ಹೋಗಿ. "ಅಯ್ಯೋ, ಅದು ಸ್ಕೂಲ್ ಟ್ರಿಪ್ಪಲ್ಲೇ ನೋಡಿ ಆಗಿದೆ" ಅಂತಾರೆ. ಇಲ್ಲ, ನೀವು ನೋಡಿಲ್ಲ.

ಸ್ಕೂಲ್ ಬಸ್ಸಾಗಲಿ ಬಾಡಿಗೆ ಕಾರಾಗಲಿ, ಎಲ್ಲರ ಲೆಕ್ಕವೂ ಒಂದೇ. ಬೆಳಿಗ್ಗೆ ಐಹೊಳೆ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಬಾದಾಮಿ ಗುಹೆ, ರಾತ್ರಿ ವಾಪಸ್. ನಾನೂ ಮೊದಲ ಸಲ ಹಾಗೇ ಹೋಗಿದ್ದೆ, ಅದೂ ಏಪ್ರಿಲ್ ತಿಂಗಳಲ್ಲಿ. ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿದಿದ್ದು, ಶೇಂಗಾ ಪೊಟ್ಟಣ ಕಿತ್ತುಕೊಂಡು ಓಡಿದ ಮಂಗ, ಇಷ್ಟೇ ನೆನಪು. ಹಾಗೆ ಮಾಡಬೇಡಿ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ಎರಡು ರಾತ್ರಿ ಉಳಿಯಿರಿ, ಊರಲ್ಲಿ ನಡೆದೇ ಓಡಾಡಿ.

ಗುಹೆಗಳಿಗೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ, ಶಾಲೆ ಮಕ್ಕಳ ಬಸ್ಸುಗಳು ಬರುವ ಮುಂಚೆ. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಹತ್ತಿರ ಎಲ್ಲರೂ ಫೋಟೊ ತೆಗೆಯುತ್ತಾರೆ, ತೆಗೆಯಿರಿ. ಆದರೆ ಮೂರನೆಯ ಗುಹೆಯಲ್ಲಿ ನಿಧಾನ ಮಾಡಿ. ಚಾಲುಕ್ಯರ ಮಂಗಲೇಶ 578ರಲ್ಲಿ ಮಾಡಿಸಿದ್ದು ಅಂತ ಅಲ್ಲಿನ ಶಾಸನವೇ ಹೇಳುತ್ತದೆ, ಅಷ್ಟು ಹಳೆಯ ಗುಹೆಗೆ ಹೀಗೆ ಗಟ್ಟಿ ತಾರೀಕು ಸಿಗುವುದು ಅಪರೂಪ.

ಆಮೇಲೆ ಎದುರಿನ ಗುಡ್ಡ. ಹೆಚ್ಚಿನವರು ತಪ್ಪಿಸಿಕೊಳ್ಳುವುದೇ ಇದನ್ನು. ಮ್ಯೂಸಿಯಂ ಪಕ್ಕದಿಂದ ಮೆಟ್ಟಿಲು ಶುರುವಾಗುತ್ತದೆ, ಸ್ವಲ್ಪ ಹತ್ತಿದರೆ ಎರಡು ದೊಡ್ಡ ಬಂಡೆಗಳ ನಡುವಿನ ಇಕ್ಕಟ್ಟಾದ ಸಂದಿ, ತಲೆ ಎತ್ತಿದರೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಮಕ್ಕಳು ಅಲ್ಲಿಂದ ಹೊರಗೆ ಬರಲು ಒಪ್ಪುವುದಿಲ್ಲ. ಮೇಲಿನ ಶಿವಾಲಯದ ಹತ್ತಿರ ನಿಂತರೆ ಕೆಳಗೆ ಅಗಸ್ತ್ಯ ತೀರ್ಥ, ಆಚೆ ದಡದ ಬಂಡೆಯಲ್ಲಿ ನೀವು ಬೆಳಿಗ್ಗೆ ನೋಡಿದ ಗುಹೆಗಳು. ನೀರಿನ ಬಾಟಲಿ ಮರೆಯಬೇಡಿ, ಮೇಲೆ ಅಂಗಡಿ ಇಲ್ಲ.

ಸಂಜೆಗೆ ಕೆರೆಯ ಪೂರ್ವದ ತುದಿ, ಭೂತನಾಥ ಗುಡಿ. ಸೂರ್ಯ ಊರಿನ ಕಡೆ ಇಳಿಯುತ್ತಾನೆ, ಬಂಡೆಗಳೆಲ್ಲ ಕೆಂಪಾಗುತ್ತವೆ. ಅಲ್ಲೇ ಕೆರೆಯ ಈಶಾನ್ಯ ಮೂಲೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಪಾಠದಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ತ್ರಿಪದಿಯ ಅತಿ ಹಳೆಯ ಸಾಲುಗಳು ಹೀಗೆ ಬಯಲಲ್ಲಿ, ಬಿಸಿಲು ಮಳೆಗೆ ಮೈಯೊಡ್ಡಿಕೊಂಡು ಕೂತಿವೆ. ಹತ್ತಿರ ಹೋಗಿ ಅಕ್ಷರ ಗುರುತು ಹಿಡಿಯಲು ನೋಡಿ. ಆಗುವುದಿಲ್ಲ, ಆದರೂ ನೋಡಿ.

ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ ಮರುದಿನ ಬೆಳಿಗ್ಗೆ ಸಿಡ್ಲಫಡಿ. ಕುರುಚಲು ಕಾಡಿನ ನಡುವೆ ಕಮಾನಿನಂಥ ದೊಡ್ಡ ಬಂಡೆ, ಆದಿಮಾನವರು ಬರೆದ ಕೆಂಪು ಚಿತ್ರಗಳು. ದಾರಿ ಗೊತ್ತಾಗುವುದಿಲ್ಲ, ಊರಿನವರನ್ನು ಕರೆದುಕೊಂಡೇ ಹೋಗಿ, ಅವರಿಗೆ ಸರಿಯಾಗಿ ದುಡ್ಡು ಕೊಡಿ. ಬಾದಾಮಿಯ ಗೋಡೆಯಂಥ ಬಂಡೆಗಳನ್ನು ಹಗ್ಗ ಕಟ್ಟಿ ಹತ್ತಲು ದೇಶದ ಎಲ್ಲೆಲ್ಲಿಂದಲೋ ಹುಡುಗರು ಬರುತ್ತಾರೆ. ನಾನು ಕೆಳಗೆ ನಿಂತು ನೋಡಿದವನು ಅಷ್ಟೇ.

ಊಟಕ್ಕೆ ಐದು ಕಿಲೋಮೀಟರ್ ದೂರದ ಬನಶಂಕರಿ. ದೇವರಿಗೆ ಕೈ ಮುಗಿದು ಹೊರಗೆ ಬಂದರೆ ಬುಟ್ಟಿ ಇಟ್ಟುಕೊಂಡು ಕೂತ ಅಮ್ಮಂದಿರು "ಬರ್ರೀ, ರೊಟ್ಟಿ ಉಣ್ಣಬರ್ರೀ" ಅಂತ ಕರೆಯುತ್ತಾರೆ. ಖಡಕ್ ಜೋಳದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು. ಕೂಸಿಗೆ ಹಾಲು ಕುಡಿಸಿ ಹೊಟ್ಟೆ ಸವರುತ್ತಾ ನಮ್ಮಜ್ಜಿ "ಜೀರ್ಣ ಜೀರ್ಣ ವಾತಾಪಿ ಜೀರ್ಣ" ಅನ್ನುತ್ತಿದ್ದಳು. ಆ ವಾತಾಪಿಯ ಊರು ಇದೇ ಅಲ್ವಾ, ಎರಡು ರೊಟ್ಟಿ ಜಾಸ್ತಿಯಾದರೂ ಚಿಂತೆ ಇಲ್ಲ. ಬನದ ಹುಣ್ಣಿಮೆಗೆ ಜಾತ್ರೆ, ಆಗ ನಾಟಕ ಕಂಪನಿಗಳ ಟೆಂಟುಗಳೂ ಇರುತ್ತವೆ, ಆದರೆ ರೂಮು ಸಿಗುವುದು ಕಷ್ಟ.

ಪಟ್ಟದಕಲ್ಲಿಗೆ ಅರ್ಧ ದಿನ ಸಾಕು. 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ, ಹಾಗಾಗಿ ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ಐಹೊಳೆ ಮುಂದಿನ ಸಲಕ್ಕೆ ಇಟ್ಟುಕೊಳ್ಳಿ, ನಿಜವಾಗಿ.

ಊರು ಚೊಕ್ಕಟವಾಗಿಲ್ಲ, ಹಂದಿಗಳಿವೆ, ಒಳ್ಳೆ ಕಾಫಿ ಹುಡುಕಬೇಕು. ಸುಮ್ನೆ ಮುಚ್ಚಿಡುವುದು ಯಾಕೆ. ರೈಲ್ವೆ ಸ್ಟೇಷನ್ ಊರಿನಿಂದ ಐದಾರು ಕಿಲೋಮೀಟರ್, ಆಟೋ ಸಿಗುತ್ತದೆ. ಮ್ಯೂಸಿಯಂಗೆ ಶುಕ್ರವಾರ ರಜೆ.

ವಾಪಸ್ ಹೊರಡುವ ಮುಂಚೆ ಮಹಾಕೂಟಕ್ಕೆ ಹೋಗಿ. ದೊಡ್ಡ ಮರಗಳ ನೆರಳಲ್ಲಿ ಹಳೇ ಗುಡಿಗಳು, ನಡುವೆ ಊಟೆ ನೀರಿನ ಹೊಂಡ, ಊರ ಹುಡುಗರು ದಡದಿಂದ ಧುಮುಕುತ್ತಿರುತ್ತಾರೆ. ನಿಮ್ಮ ಮಕ್ಕಳೂ ಸುಮ್ಮನಿರುವುದಿಲ್ಲ, ಒಂದು ಜೊತೆ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ.