ಶೆಟ್ಟಿಹಳ್ಳಿ ಚರ್ಚ್ ಮಾಡೆಲ್: ನೀರು ಕೊನೆಗೂ ಗೋಡೆ ಹತ್ತಲಿಲ್ಲ

ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚಿನ ಪುಟ್ಟ ಮಾಡೆಲ್ ಮಾಡುತ್ತಿದ್ದೇನೆ; ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಗೋಡೆ, ಕಂಬ, ಕಮಾನು ಮುಗಿದು ತಿಂಗಳಾಯಿತು. ಅಚ್ಚು ಹೊಯ್ಯುವ ಕೆಲಸ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ನನ್ನ ಜೀವ ತಿಂದದ್ದು ನೀರು, ಅಂದರೆ ನೀರಿನ ಹಾಗೆ ಕಾಣಲು ಹೊಯ್ಯುವ ರೆಸಿನ್ (ಗಟ್ಟಿಯಾಗಿ ಗಾಜಿನಂತಾಗುವ ದ್ರವ).

ಈ ಚರ್ಚಿನ ಕಥೆಯೇ ನೀರಿನದು, ಅಲ್ವಾ? 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರಿನವರು ಬೇರೆ ಕಡೆ ಹೋದರು, ಚರ್ಚ್ ಮಾತ್ರ ಹಿನ್ನೀರಿನಲ್ಲಿ ಉಳಿಯಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೇ ಓಡಾಡಬಹುದು. ಚಾವಣಿ ಇಲ್ಲ, ಗಾರೆ ಉದುರಿ ಇಟ್ಟಿಗೆ ಕಾಣುತ್ತದೆ. ನಾನು ಮಾಡುತ್ತಿರುವುದು ಅರ್ಧ ಮುಳುಗಿದ ಹೊತ್ತಿನದು. 1:72ರ ಅಳತೆಯಲ್ಲಿ 3 ಸೆಂ.ಮೀ. ರೆಸಿನ್ ಅಂದರೆ ನಿಜದಲ್ಲಿ ಸುಮಾರು 7 ಅಡಿ ನೀರು.

ಮೊದಲ ಸಲ ಹೊಯ್ದು ಮಲಗಿದೆ. ಬೆಳಿಗ್ಗೆ ನೋಡಿದರೆ ರೆಸಿನ್ ಗೋಡೆಯನ್ನು ಹತ್ತಿ ಕಿಟಕಿಯ ಅಂಚಿಗೆ ಬಂದಿತ್ತು! ಪ್ಲಾಸ್ಟರ್ ಆಫ್ ಪ್ಯಾರಿಸ್ ಬತ್ತಿಯ ಹಾಗೆ ಹೀರಿಕೊಂಡು, ಇಟ್ಟಿಗೆಯೆಲ್ಲ ಎಣ್ಣೆ ಮೆತ್ತಿದ ಹಾಗೆ ಹೊಳೆಯುತ್ತಿತ್ತು. ಜೊತೆಗೆ ಗೋಡೆಯ ಸಣ್ಣ ರಂಧ್ರಗಳಿಂದ ಗಾಳಿ ಹೊರಬಂದು ಬುಡದ ತುಂಬಾ ಗುಳ್ಳೆ. ಎರಡನೇ ಸಲ ಹಾರ್ಡನರ್ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಕೈಕೊಟ್ಟಿತು. ಅಂಗಡಿಯವರು ಕಳಿಸಿದ ಬಾಟಲಿ ತೆರೆದಾಗಲೇ ಜೇನುತುಪ್ಪದ ಬಣ್ಣ. ಕೇಳಿದರೆ "ಅದು ಹಾಗೇ ಇರುತ್ತೆ ಸಾರ್" ಅಂದರು. ಹಾಗೆ ಇರುವುದಿಲ್ಲ! ಮಾಡೆಲಿನ ನೀರೆಲ್ಲ ಚಹಾದ ಬಣ್ಣಕ್ಕೆ ತಿರುಗಿತು, ಕಿತ್ತು ಹಾಕಿದೆ.

ಆಮೇಲೆ ಮೂರು ಗೋಡೆ ತುಂಡು ತೆಗೆದುಕೊಂಡೆ. ಒಂದನ್ನು ಹಾಗೇ ಬಿಟ್ಟೆ, ಒಂದಕ್ಕೆ ಫೆವಿಕಾಲ್ ನೀರು ಹಚ್ಚಿದೆ, ಇನ್ನೊಂದಕ್ಕೆ ಮ್ಯಾಟ್ ವಾರ್ನಿಷ್ ಎರಡು ಕೋಟ್. ಮೊದಲನೆಯದರಲ್ಲಿ 9 ಮಿ.ಮೀ. ಹತ್ತಿತು, ಫೆವಿಕಾಲಿನದರಲ್ಲಿ 3, ವಾರ್ನಿಷ್ ಇದ್ದದ್ದರಲ್ಲಿ ಬರೀ ಕೂದಲೆಳೆಯಷ್ಟು ಅಂಚು. ವಾರ್ನಿಷ್ ಒಣಗಲು ಪೂರಾ ಎರಡು ದಿನ ಬಿಡಿ, ಅವಸರ ಬೇಡ. ಈ ಸಲ ಒಂದೇ ಏಟಿಗೆ ಹೊಯ್ಯದೆ 3 ಮಿ.ಮೀ. ಪದರಗಳಲ್ಲಿ ಹೊಯ್ದೆ, ಪದರಕ್ಕೊಂದು ದಿನ. ಮಳೆ ಹಿಡಿದಿದ್ದ ದಿನ ಕೈ ಹಾಕಲಿಲ್ಲ, ತೇವ ಇದ್ದರೆ ಮೇಲ್ಮೈ ಮಸುಕಾಗುತ್ತದೆ.

ಇವತ್ತು ಹತ್ತನೇ ಪದರ ಗಟ್ಟಿಯಾಯಿತು. ನೀರು ನೆಟ್ಟಗೆ ನಿಂತಿದೆ, ಒಳಗೆ ಮುಳುಗಿದ ಕಂಬದ ಬುಡ ಕಾಣುತ್ತಿದೆ. ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ! ನಿಜವಾದ ಗೋಡೆಯೂ ನೀರು ಹೀರುತ್ತದೆ, ಅದಕ್ಕೆ ನೀರಿನ ಗೆರೆಯ ಮೇಲೆ ಕಂದು ಬಣ್ಣದ ಪಟ್ಟಿಯೊಂದನ್ನು ಒಣ ಬ್ರಶ್‌ನಲ್ಲಿ ಎಳೆಯಬೇಕು. ಹೊಳಪು ಬರಬಾರದು, ಅಷ್ಟೇ.

ಮಧ್ಯೆ ತಲೆಗೆ ಇನ್ನೊಂದು ಹುಳ ಹೊಕ್ಕಿದೆ: ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ. ಕೆಆರ್‌ಎಸ್ ನೀರಲ್ಲಿ ಮುಳುಗಿತ್ತು, ಆಮೇಲೆ ಬಿಚ್ಚಿ ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದರು. ಅದಕ್ಕೆ ಗೋಡೆ ಅಚ್ಚು ಹಾಕುವ ಮುಂಚೆಯೇ ವಾರ್ನಿಷ್ ತಂದಿಡುತ್ತೇನೆ.