ಯಾತಕ್ಕಾಗಿ ಎಂದು ಕೇಳಿದ ಆಬ್ಲೊಮೊವ್

ರಷ್ಯನ್ ಲೇಖಕ ಇವಾನ್ ಗೊಂಚರೋವ್ 1859ರಲ್ಲಿ ಪ್ರಕಟಿಸಿದ ‘ಆಬ್ಲೊಮೊವ್’ ಕಾದಂಬರಿಯನ್ನು ಕಾಲೇಜಿನ ದಿನಗಳಲ್ಲಿ ಇಂಗ್ಲಿಷ್ ಅನುವಾದದಲ್ಲಿ ಓದಿದಾಗ ಅದನ್ನು ಒಬ್ಬ ಸೋಮಾರಿಯ ಕಥೆಯೆಂದೇ ತಿಳಿದು ಮುಚ್ಚಿಟ್ಟಿದ್ದೆ. ಈ ಮಳೆಗಾಲದಲ್ಲಿ ಅದನ್ನು ಮತ್ತೆ ಓದುತ್ತಿದ್ದಂತೆ, ಆ ಕಾದಂಬರಿಯಲ್ಲಿ ಗುರಿಯಿಲ್ಲದೆ ಬದುಕುವವರು ಹಲವರಿದ್ದಾರೆ, ಯಾತಕ್ಕಾಗಿ ಈ ಬದುಕು ಎಂದು ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಹಾಸಿಗೆ ಬಿಟ್ಟೇಳದ ಆ ಒಬ್ಬ ಮನುಷ್ಯನಿಗಿದೆ ಎಂದು ಮನವರಿಕೆಯಾಯಿತು.

ಪೀಟರ್ಸ್‌ಬರ್ಗಿನ ಗೊರೊಖೋವಾಯಾ ಬೀದಿಯ ಬಾಡಿಗೆ ಮನೆಯಲ್ಲಿ, ಸಡಿಲವಾದ ನಿಲುವಂಗಿ ತೊಟ್ಟು ಮಲಗಿರುವ ಇಲ್ಯಾ ಇಲಿಚ್ ಆಬ್ಲೊಮೊವ್‌ಗೆ ಮೂವತ್ತೆರಡೋ ಮೂವತ್ತಮೂರೋ ವರ್ಷ. ಮೊದಲ ಭಾಗ ಮುಗಿಯುವವರೆಗೂ ಅವನು ಮನೆಯಿಂದ ಹೊರಬೀಳುವುದಿಲ್ಲ. ಮನೆಯೊಡೆಯನಿಗೆ ಬರೆಯಲು ತೊಡಗಿದ ಪತ್ರದಲ್ಲಿ ಒಂದೇ ಪದ ಎರಡೆರಡು ಸಲ ಬಂದಿತೆಂದು ಅದನ್ನೂ ಅರ್ಧಕ್ಕೆ ನಿಲ್ಲಿಸಿಬಿಡುತ್ತಾನೆ. ಆದರೆ ಮೇ 1ರಂದು ಅವನನ್ನು ಹೊರಗೆ ಕರೆದೊಯ್ಯಲು ಒಬ್ಬರ ಹಿಂದೊಬ್ಬರು ಬರುವ ಗೆಳೆಯರನ್ನು ಗಮನಿಸಿ. ಒಂದೇ ದಿನ ಹತ್ತು ಮನೆಗಳಿಗೆ ಓಡುವ ಶೋಕೀಲಾಲ, ಕಡತಗಳಾಚೆಯ ಜಗತ್ತನ್ನು ಕಾಣದ ಅಧಿಕಾರಿ, ಹಗಲಿರುಳು ಗೀಚುವ ಲೇಖಕ. ಇವರೆಲ್ಲರ ಬಗ್ಗೆ ಆಬ್ಲೊಮೊವ್ ನಿಜವಾಗಿ ಮರುಗುತ್ತಾನೆ. ಇಷ್ಟೆಲ್ಲ ಓಡಾಟದಲ್ಲಿ ಮನುಷ್ಯನೆಲ್ಲಿ ಎಂಬ ಅವನ ಪ್ರಶ್ನೆಯನ್ನು ಸೋಮಾರಿಯ ನೆಪವೆಂದು ತಳ್ಳಿಹಾಕಲು ನನಗೆ ಈಗ ಸಾಧ್ಯವಾಗುತ್ತಿಲ್ಲ.

ಅವನ ಬಾಲ್ಯಮಿತ್ರ ಷ್ಟೋಲ್ಟ್ಸ್ ದುಡಿಮೆಯ ಮೂರ್ತಿ. ಬಾಳೆಲ್ಲ ಹೀಗೆ ದಣಿಯುವುದು ಯಾತಕ್ಕಾಗಿ ಎಂದು ಆಬ್ಲೊಮೊವ್ ಕೇಳಿದರೆ, ದುಡಿಮೆಗಾಗಿಯೇ, ಬೇರೆ ಯಾವುದಕ್ಕೂ ಅಲ್ಲ ಎಂದು ಅವನು ಉತ್ತರಿಸುತ್ತಾನೆ. ಆ ಉತ್ತರ ಸಾಲದೆಂಬುದನ್ನು ಗೊಂಚರೋವ್ ಆಬ್ಲೊಮೊವ್ ಪ್ರೀತಿಸಿದ ಓಲ್ಗಾಳ ಮೂಲಕ ಬಹಳ ಸೂಕ್ಷ್ಮವಾಗಿ ತೋರಿಸಿದ್ದಾರೆ. ಆಬ್ಲೊಮೊವ್‌ನನ್ನು ಎಬ್ಬಿಸಲು ಹೋಗಿ ಸೋತು, ಷ್ಟೋಲ್ಟ್ಸ್‌ನನ್ನು ಮದುವೆಯಾಗಿ, ಕ್ರೈಮಿಯಾದ ಕಡಲತೀರದಲ್ಲಿ ಯಾವ ಕೊರತೆಯೂ ಇಲ್ಲದೆ ಬಾಳುತ್ತಿರುವಾಗಲೂ ಅವಳನ್ನು ಹೆಸರಿಲ್ಲದ ದುಗುಡವೊಂದು ಆವರಿಸುತ್ತದೆ. ತಲೆ ಬಾಗಿಸಿ ಅದನ್ನು ಸಹಿಸಿಕೊಳ್ಳಬೇಕು ಎನ್ನುವುದಷ್ಟೇ ಅವಳ ಗಂಡನಿಗೆ ಹೇಳಲು ಸಾಧ್ಯವಾಗುವುದು.

ಇಷ್ಟಾಗಿಯೂ ಆಬ್ಲೊಮೊವ್‌ನನ್ನು ತತ್ವಜ್ಞಾನಿಯೆಂದು ಕೊಂಡಾಡಿದರೆ ತಪ್ಪಾಗುತ್ತದೆ, ಏಕೆಂದರೆ ಅವನ ಬಿಡುವಿನ ಬೆಲೆಯನ್ನು ತೆತ್ತವರು ಬೇರೆ. 1849ರಲ್ಲೇ ಬಿಡಿಯಾಗಿ ಅಚ್ಚಾಗಿದ್ದ ‘ಆಬ್ಲೊಮೊವ್‌ನ ಕನಸು’ ಅಧ್ಯಾಯ ಇದರ ಬೇರನ್ನು ತೋರಿಸುತ್ತದೆ. ಅವನು ಬಾಲ್ಯ ಕಳೆದ ಆಬ್ಲೊಮೊವ್ಕಾ ಹಳ್ಳಿಯ ದೊಡ್ಡ ಮನೆಯಲ್ಲಿ ದುಡಿಮೆಯೆಂದರೆ ಪೂರ್ವಜರಿಗೆ ವಿಧಿಸಿದ ಶಿಕ್ಷೆ. ಅಲ್ಲಿಗೆ ಬಂದ ಒಂದು ಪತ್ರವನ್ನು ಒಡೆಯಲು ದಿನಗಟ್ಟಲೆ ಹೆದರುತ್ತಾರೆ, ಒಡೆದ ಮೇಲೆ ಅಂಚೆಗೆ 40 ಕೊಪೆಕ್ ಖರ್ಚೆಂದು ಉತ್ತರವನ್ನೇ ಕಳಿಸುವುದಿಲ್ಲ. ಓಡಬೇಕೆನ್ನುವ ಮಗುವನ್ನು ಬೀಳುತ್ತೀಯೆಂದು ತಡೆಯುತ್ತಾರೆ, ಕಾಲುಚೀಲ ತೊಡಿಸಲು ಆಳು ಇರುತ್ತಾನೆ. ಬೆಳೆದ ಆಬ್ಲೊಮೊವ್ 350 ಜೀತದ ರೈತರ ಒಡೆಯ. ವಿಮರ್ಶಕ ದೊಬ್ರೊಲ್ಯುಬೊವ್ ಕಾದಂಬರಿ ಬಂದ ವರ್ಷವೇ ಬರೆದ ಲೇಖನದಲ್ಲಿ ಈ ಜಡತೆಯನ್ನು ಜೀತಪದ್ಧತಿಯೊಂದಿಗೆ ಜೋಡಿಸಿದ್ದು ಸರಿಯಾಗಿಯೇ ಇದೆ. ಆ ಪದ್ಧತಿ ಕಾನೂನಿನಿಂದ ಕೊನೆಗೊಂಡದ್ದು 1861ರಲ್ಲಿ.

ಹಾಗೆ ನೋಡಿದರೆ, ಈ ಸಲ ನನ್ನನ್ನು ಹೆಚ್ಚು ಕಲಕಿದವನು ಸೇವಕ ಜಖಾರ್. ಗೊಣಗುವ, ಪಾತ್ರೆಗಳನ್ನು ಒಡೆಯುವ, ಧೂಳು ಗುಡಿಸದ ಈ ಮುದುಕನ ಇಡೀ ಬಾಳನ್ನು ಒಡೆಯನ ಬಾಳು ನುಂಗಿಹಾಕಿದೆ. ಆಬ್ಲೊಮೊವ್ ತೀರಿಕೊಂಡ ಮೇಲೆ, ಕಣ್ಣು ಮಂಜಾಗಿ ಚರ್ಚಿನ ಬಳಿ ಭಿಕ್ಷೆ ಬೇಡುತ್ತಿದ್ದ ಅವನಿಗೆ ಷ್ಟೋಲ್ಟ್ಸ್ ಹಳ್ಳಿಯಲ್ಲಿ ಆಶ್ರಯ ಕೊಡುತ್ತೇನೆಂದು ಕರೆಯುತ್ತಾನೆ. ಬರಬಹುದಿತ್ತು, ಆದರೆ ಒಡೆಯನ ಸಮಾಧಿಯನ್ನು ಬಿಟ್ಟು ಹೋಗಲು ಮನಸ್ಸಾಗದು ಎನ್ನುತ್ತಾನೆ ಜಖಾರ್.