‘ಅದು ಕವಾಸಕಿನೇ ಅಲ್ವಾ?’ ಅಂತ ಕೇಳುವವರಿಗೆ

ಬಿಮೋಟಾ ಅನ್ನುವ ಹೆಸರೆತ್ತಿದರೆ ಸಾಕು, ಎಲ್ಲರದೂ ಒಂದೇ ಪ್ರಶ್ನೆ. ‘ಅದು ಕವಾಸಕಿನೇ ಅಲ್ವಾ? ಸ್ಟಿಕರ್ ಬದಲಾಯಿಸಿದ್ದಾರೆ ಅಷ್ಟೇ.’ 2025ರ ಫೆಬ್ರವರಿಯಲ್ಲಿ, ಆಸ್ಟ್ರೇಲಿಯಾದ ಫಿಲಿಪ್ ಐಲ್ಯಾಂಡ್‌ನಲ್ಲಿ, ಇಟಲಿಯ ಈ ಸಣ್ಣ ಬೈಕ್ ಕಂಪನಿ ವಿಶ್ವ ಸೂಪರ್‌ಬೈಕ್ ರೇಸಿಗೆ ವಾಪಸ್ ಬಂತು. ಅವತ್ತಿನಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬಾಯಲ್ಲಿ ಹೇಳಿದ್ದು ಯಾರ ತಲೆಗೂ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡುತ್ತೇನೆ. ಎಂಜಿನ್ ಕವಾಸಕಿಯದು, ಜೆಡ್‌ಎಕ್ಸ್-10ಆರ್‌ಆರ್ ಗಾಡಿಯ 998 ಸಿಸಿ. ಬಿಮೋಟಾದಲ್ಲಿ ಕವಾಸಕಿಗೆ 49.9 ಶೇಕಡಾ ಪಾಲಿದೆ. ಕವಾಸಕಿ ಸವಾರ ಜೊನಾಥನ್ ರಿಯಾಗೆ 2015ರಿಂದ 2020ರವರೆಗೆ ಸಾಲಾಗಿ 6 ಪಟ್ಟ ಗೆಲ್ಲಿಸಿಕೊಟ್ಟ ಬಾರ್ಸಿಲೋನಾ ಕಡೆಯ ಟೀಮೇ ಈಗ ಬಿಮೋಟಾ ಓಡಿಸುತ್ತಿದೆ. ಇದ್ಯಾವುದೂ ಗುಟ್ಟಲ್ಲ. ಗಾಡಿಯ ಹೆಸರಲ್ಲೇ ಇದೆ: ಕೆಬಿ998 ರಿಮಿನಿ. ‘ಕೆ’ ಅಂದರೆ ಕವಾಸಕಿ, ‘ಬಿ’ ಅಂದರೆ ಬಿಮೋಟಾ. ಇವರು ಮೊದಲಿನಿಂದಲೂ ಹೆಸರಿಡುವುದೇ ಹೀಗೆ. ಹೋಂಡಾ ಎಂಜಿನ್ ಇದ್ದರೆ ಎಚ್‌ಬಿ, ಸುಜುಕಿ ಇದ್ದರೆ ಎಸ್‌ಬಿ, ಯಮಹಾ ಇದ್ದರೆ ವೈಬಿ. ಎಂಜಿನ್ ಯಾರದು ಅನ್ನುವುದನ್ನು ತಮ್ಮ ಹೆಸರಿಗಿಂತ ಮುಂದೆ ಬರೆದುಕೊಳ್ಳುವ ಕಂಪನಿಗೆ ‘ಸ್ಟಿಕರ್ ಅಂಟಿಸಿದ್ದಾರೆ’ ಅನ್ನುವುದು ಯಾವ ನ್ಯಾಯ?

ನನಗೆ ಸಿಟ್ಟು ಬರಿಸುವುದು ಆ ‘ಅಷ್ಟೇ’. ನಿಶ್ಚಿತಾರ್ಥವೊಂದರ ಪಂಕ್ತಿಯಲ್ಲಿ ನಮ್ಮ ಭಾವ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಇದೇ ಮಾತಂದರು. ‘ಎಂಜಿನ್ನೇ ಅವರದಲ್ಲ ಅಂದಮೇಲೆ ಅವರು ಮಾಡಿದ್ದೇನಯ್ಯಾ?’ ನಾನು ಎಲೆ ಮೇಲಿಂದ ಕೈ ತೆಗೆದು ‘ಭಾವ, ಚಾಸಿ’ ಅಂದೆ. ಎಂಜಿನ್, ಚಕ್ರ ಎಲ್ಲವನ್ನೂ ಹಿಡಿದಿಡುವ ಚೌಕಟ್ಟು. ಅವರು ನಕ್ಕರು. ಪಲ್ಯ ಬಡಿಸುವವನು ಬಂದ. ಮಾತು ಅಲ್ಲಿಗೇ ನಿಂತಿತು.

ಆ ಮಾತನ್ನು ಈಗ ಮುಗಿಸುತ್ತೇನೆ, ಭಾವ.

ಕೆಲವು ವರ್ಷಗಳ ಹಿಂದೆ ಅರಸೀಕೆರೆ ದಾಟಿದ ಮೇಲೆ ಕತ್ತಲಲ್ಲಿ ಕಾಣದ ಒಂದು ಹಂಪ್ ಮೇಲೆ ಹಾರಿಸಿ ಬಿದ್ದೆ. ನನಗೆ ಮೊಣಕೈ ತರಚಿತು, ಅಷ್ಟೇ. ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಎಂಜಿನ್ ಸದ್ದಿನಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಆದರೆ ನಲವತ್ತು ದಾಟಿದರೆ ಎಡಕ್ಕೆ ಎಳೆಯುತ್ತಿತ್ತು. ತಿರುವಿನಲ್ಲಿ ವಾಲಿಸಿದರೆ ಹಿಂದಿನ ಚಕ್ರ ಬೇರೆ ಯಾರದೋ ಗಾಡಿಯದು ಅನ್ನಿಸುತ್ತಿತ್ತು. ತಿಪಟೂರಿನ ಒಬ್ಬ ಮೆಕ್ಯಾನಿಕ್ ಹುಡುಗ ಎಂಜಿನ್ ಮುಟ್ಟಲೂ ಇಲ್ಲ. ಹಿಂದಿನ ಚಕ್ರಕ್ಕೆ ದಾರ ಸುತ್ತಿ, ಎರಡೂ ಬದಿಯಿಂದ ಮುಂದಿನ ಚಕ್ರದವರೆಗೆ ಬಿಗಿಯಾಗಿ ಎಳೆದ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ. ಒಂದು ಕಡೆ ದಾರ ಟೈರಿಗೆ ತಾಗುತ್ತಿತ್ತು. ಇನ್ನೊಂದು ಕಡೆ ಬೆರಳು ತೂರುವಷ್ಟು ಜಾಗ. ‘ಚಾಸಿ ಔಟಾಗಿದೆ ಅಣ್ಣ. ಎಂಜಿನ್ ಓಡಿಸುತ್ತೆ, ತಿರುಗಿಸೋದು ಚಾಸಿ’ ಅಂದ.

ಬಿಮೋಟಾ ಹುಟ್ಟಿದ್ದೂ ಇಂಥದೇ ಒಂದು ಬೀಳುವಿಕೆಯಿಂದ. 1972ರಲ್ಲಿ ಮಸ್ಸಿಮೊ ತಂಬುರಿನಿ ಮಿಸಾನೊ ಟ್ರ್ಯಾಕಿನಲ್ಲಿ ಹೋಂಡಾ ಸಿಬಿ750 ಓಡಿಸುತ್ತಾ ಬಿದ್ದು ಪಕ್ಕೆಲುಬು ಮುರಿದುಕೊಂಡ. ಆ ಎಂಜಿನ್ನಿಗೆ ಆ ಕಾಲದಲ್ಲಿ ಹೆಸರಿತ್ತು. ಚಾಸಿ ಮಾತ್ರ ಅದರ ವೇಗಕ್ಕೆ ಸಾಲುತ್ತಿರಲಿಲ್ಲ. ಸುಧಾರಿಸಿಕೊಳ್ಳುವ ಹೊತ್ತಿನಲ್ಲಿ ಅದೇ ಎಂಜಿನ್ನಿಗೆ ತನ್ನದೇ ಚಾಸಿ ಕಟ್ಟಿದ. ಅದೇ ಎಚ್‌ಬಿ1. ಬಿಯಾಂಕಿ, ಮೊರ್ರಿ, ತಂಬುರಿನಿ, ಕಂಪನಿ ಕಟ್ಟಿದ ಈ ಮೂವರ ಹೆಸರಿನ ಮೊದಲ ಅಕ್ಷರಗಳು ಸೇರಿ ಬಿಮೋಟಾ. ಅದಕ್ಕೆ ಮುಂಚೆ ಅವರ ಕಸುಬು ಇಟಲಿಯ ರಿಮಿನಿ ಊರಿನಲ್ಲಿ ಕಟ್ಟಡಗಳಿಗೆ ಹೀಟಿಂಗ್ ಪೈಪು ಹಾಕುವುದು. ಪೈಪು ಬಗ್ಗಿಸಿ ಬೆಸುಗೆ ಹಾಕುವ ಕೈ ಅದು. ಮುಂದೆ ಡುಕಾಟಿ ಕಂಪನಿಯ 916 ಬೈಕ್ ರೂಪಿಸಿದ್ದೂ ಇದೇ ತಂಬುರಿನಿ.

ಇವತ್ತಿನ ಕೆಬಿ998ರಲ್ಲಿ ಮುಂಭಾಗಕ್ಕೆ ಉಕ್ಕಿನ ಕೊಳವೆಗಳ ಜಾಲರಿ, ಹಿಂಭಾಗಕ್ಕೆ ಗಟ್ಟಿ ಅಲ್ಯೂಮಿನಿಯಂ ಗಡ್ಡೆಯಿಂದ ಕೊರೆದು ತೆಗೆದ ಪ್ಲೇಟು. ಕವಾಸಕಿಯ ಚಾಸಿ ಪೂರ್ತಿ ಅಲ್ಯೂಮಿನಿಯಂ. ಎರಡೂ ಒಂದೇ ಗಾಡಿ ಅನ್ನುವವರು ಒಮ್ಮೆ ಬಗ್ಗಿ ನೋಡಲಿ.

ನಿಜ ಹೇಳಬೇಕೆಂದರೆ ಎಂಜಿನ್ ಪ್ರಶ್ನೆಯೇ ನನಗೆ ಬೇಡ. ‘ಇವರು ಯಾಕೆ ಮತ್ತೆ ಮತ್ತೆ ಬರುತ್ತಾರೆ?’ ಅಂತ ಒಬ್ಬರಾದರೂ ಕೇಳಬಾರದಾ?

1988ರಲ್ಲಿ ವಿಶ್ವ ಸೂಪರ್‌ಬೈಕ್ ಚಾಂಪಿಯನ್‌ಶಿಪ್ ಶುರುವಾದಾಗ ಇಂಗ್ಲೆಂಡಿನ ಡೊನಿಂಗ್ಟನ್‌ನಲ್ಲಿ ಮೊಟ್ಟಮೊದಲ ರೇಸ್ ಗೆದ್ದದ್ದು ಬಿಮೋಟಾ ವೈಬಿ4 ಮೇಲಿದ್ದ ಡೇವಿಡೆ ಟಾರ್ಡೋಜ್ಜಿ. ಆ ಸುತ್ತಿನಲ್ಲಿ ಎರಡೂ ರೇಸಿನ ಲೆಕ್ಕ ಕೂಡಿಸಿದ್ದರಿಂದ ಗೆಲುವು ಡುಕಾಟಿಯ ಲುಕ್ಕಿನೆಲ್ಲಿ ಪಾಲಾಯಿತು. ಆ ವರ್ಷ ಟಾರ್ಡೋಜ್ಜಿಯಷ್ಟು ರೇಸ್ ಗೆದ್ದವರು ಇನ್ನೊಬ್ಬರಿಲ್ಲ. ಆದರೂ ಪಟ್ಟ ಸಿಕ್ಕಿದ್ದು ಹೋಂಡಾದ ಫ್ರೆಡ್ ಮರ್ಕೆಲ್‌ಗೆ. ಟಾರ್ಡೋಜ್ಜಿ ಮೂರನೆಯವನು. 2000ದಲ್ಲಿ ಆಂಥೊನಿ ಗೊಬರ್ಟ್ ಒದ್ದೆಯಾದ ಫಿಲಿಪ್ ಐಲ್ಯಾಂಡ್‌ನಲ್ಲಿ ಬಿಮೋಟಾಗೆ ರೇಸ್ ಗೆದ್ದುಕೊಟ್ಟ. ಅದೇ ವರ್ಷ ಕಂಪನಿ ದಿವಾಳಿಯಾಯಿತು, ಟೀಮೂ ಮುಚ್ಚಿತು. 2014ರಲ್ಲಿ ಬಿಎಂಡಬ್ಲ್ಯು ಎಂಜಿನ್ ಹಾಕಿಕೊಂಡು ಬಂದರು. ರೇಸಿಗೆ ಇಳಿಸುವ ಗಾಡಿಯನ್ನು ಜನರಿಗೆ ಮಾರಲೂ ಕಟ್ಟಬೇಕಿತ್ತು, ಕನಿಷ್ಠ 125. ಅಷ್ಟು ಕಟ್ಟಲಾಗಲಿಲ್ಲ. ಸವಾರರು ಓಡಿಸಿದ್ದು ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಕವಾಸಕಿ ಬೇಕಾಗಿದ್ದು ಇಲ್ಲಿ. 125 ಗಾಡಿ ಕಟ್ಟುವ ದುಡ್ಡು, ಸಿಗುವ ಬಿಡಿಭಾಗ, ಮುಚ್ಚದ ಫ್ಯಾಕ್ಟರಿ ಗೇಟು. ಚಾಸಿ ಕಟ್ಟುವುದನ್ನು ರಿಮಿನಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

2025ರ ಗ್ರಿಡ್‌ನಲ್ಲಿ ಅಲೆಕ್ಸ್ ಲೋಸ್, ಆಕ್ಸೆಲ್ ಬಸ್ಸಾನಿ ಬಿಮೋಟಾ ಮೇಲಿದ್ದರು. ಗ್ಯಾರೆಟ್ ಗರ್ಲಾಫ್ ಹಸಿರು ಕವಾಸಕಿ ಮೇಲಿದ್ದ. ಎಂಜಿನ್ ಒಂದೇ, ಚಾಸಿ ಎರಡು. ಮುಂದಿನ ಸಲ ‘ಅಷ್ಟೇ ಅಲ್ವಾ’ ಅನ್ನುವ ಮುಂಚೆ ಆ ವರ್ಷದ ಯಾವುದಾದರೂ ಒಂದು ರೇಸ್ ಹಾಕಿಕೊಂಡು ಕೂರಿ, ಭಾವ. ನೇರ ರಸ್ತೆಯಲ್ಲಿ ಏನೂ ನೋಡಬೇಡಿ. ಬ್ರೇಕ್ ಬಿಟ್ಟು ಗಾಡಿ ವಾಲುವ ಜಾಗದಲ್ಲಿ ಕಣ್ಣಿಡಿ.